ಬಾಗಿಲು ಬೇಕಾದ ಕೆಲಸ

ಜನವರಿ 5

ಪ್ರೀತಿಯ ಮಾವನಿಗೆ,

ಮೊದಲು ನಿಜ ಹೇಳು, ಈ ಪತ್ರವನ್ನು ಕೆಂಪು ಪೆನ್ಸಿಲ್ ಹಿಡಿದುಕೊಂಡು ಓದುತ್ತಿಲ್ಲ ತಾನೇ? ಹೋದ ಸಲ ನನ್ನ ಪತ್ರವನ್ನೇ ತಿದ್ದಿ ವಾಪಸ್ ಕಳಿಸಿದ್ದೆ. ಅದನ್ನು ನೋಡಿ ನನ್ನ ರೂಮಿನವಳು, "ನಿಮ್ಮ ಮಾವ ಮೇಷ್ಟ್ರಾ?" ಎಂದು ಕೇಳಿದಳು. "ಅಲ್ಲ, ಬಸ್ ಕಂಪನಿಯಲ್ಲಿ ವೇಳಾಪಟ್ಟಿಯ ತಪ್ಪು ಹಿಡಿಯೋರು. ಇಪ್ಪತ್ತಾರು ವರ್ಷದಿಂದ ಅದೇ ಕೆಲಸ. ಮನೇಲೂ ಬಿಡಲ್ಲ," ಎಂದೆ.

ಈಗ ವಿಷಯಕ್ಕೆ ಬರುತ್ತೇನೆ. ಸೋಮವಾರ ನೀವೆಲ್ಲ ಹಳೆಯ ಡಿಪೋದ ಮಾಳಿಗೆಯಿಂದ ಹೊಸ ಹಾಲ್‌ಗೆ ಬಂದಿರಿ ಎಂದು ಕೇಂದ್ರ ಕಚೇರಿಗೆ ವರದಿ ಬಂತು. ಅಲ್ಲಿ ಹಾಕಿರುವ ಹಾಲ್‌ನ ನಕ್ಷೆಯ ಕೆಳಗೆ ಬಲಮೂಲೆಯಲ್ಲಿ ಸಣ್ಣದಾಗಿ ಯಾರ ಸಹಿ ಇದೆ, ನೋಡಿದೆಯಾ? ನನ್ನದು. ನಿಮ್ಮದೇ ಕಂಪನಿಯ ಕಟ್ಟಡ ವಿಭಾಗಕ್ಕೆ ಸೇರಿ ಎಂಟು ತಿಂಗಳಾಗಿಲ್ಲ, ನನ್ನ ಮೊದಲ ಪೂರ್ತಿ ಕೆಲಸವೇ ನನ್ನ ಮಾವನ ಆಫೀಸು. ನಿನಗೆ ಮೊದಲೇ ಹೇಳಬಾರದೆಂದು ಹಲ್ಲು ಕಚ್ಚಿಕೊಂಡು ಇದ್ದೆ.

ಗೋಡೆಗಳನ್ನೆಲ್ಲ ತೆಗೆಸಿದ್ದೇನೆ. ಗಾಜು, ಬೆಳಕು, ಕಾಲಿಗೆ ಮೆತ್ತಗಿನ ಕಾರ್ಪೆಟ್, ಯಾರಿಗೆ ಎಲ್ಲಿ ಬೇಕೋ ಅಲ್ಲಿಗೆ ಸರಿಸಿಕೊಳ್ಳಬಹುದಾದ ಮೇಜುಗಳು. ಆ ಹಳೆಯ ಕತ್ತಲ ಗೂಡಿನಲ್ಲಿ ನೀನು ಇಷ್ಟು ವರ್ಷ ಹೇಗೆ ಕೂತಿದ್ದೆಯೋ, ನೆನೆದರೆ ಪಾಪ ಅನ್ನಿಸುತ್ತಿತ್ತು. ಗೆರೆ ಎಳೆಯುವಾಗೆಲ್ಲ ನೀನೇ ಕಣ್ಣ ಮುಂದೆ ಇದ್ದೆ.

ನೀನು ಇದನ್ನು ಮಾವನಾಗಿ ಅಲ್ಲ, ಅಲ್ಲಿನ ಒಬ್ಬ ನೌಕರನಾಗಿ ಹೇಳಬೇಕು. ಹೇಗಿದೆ? ಮಾರ್ಚ್‌ನಲ್ಲಿ ನಿಮಗೆಲ್ಲ ತೃಪ್ತಿ ಸಮೀಕ್ಷೆಯ ಫಾರಂ ಬರುತ್ತದೆ. ಅದರ ಅಂಕ ನೋಡಿ ನನ್ನ ನೌಕರಿ ಕಾಯಂ ಮಾಡುತ್ತಾರಂತೆ. ಹಾಗೆಂದು ಸುಳ್ಳು ಹೇಳಬೇಡ. ಫೋನಿನಲ್ಲಿ ನೀನು "ಹೂಂ, ಚೆನ್ನಾಗಿದೆ" ಎನ್ನುವುದು ಬಿಟ್ಟು ಬೇರೇನೂ ಆಡುವವನಲ್ಲ. ಬರೆಯುವಾಗಲಷ್ಟೇ ನಿನ್ನ ಬಾಯಿ ಬಿಚ್ಚುತ್ತದೆ. ಅದಕ್ಕೇ ಅಂಚೆಚೀಟಿ ಖರ್ಚು ಮಾಡುತ್ತಿದ್ದೇನೆ.

ನಿನ್ನ
ತರಲೆ


ಜನವರಿ 11

ಪ್ರೀತಿಯ ತರಲೆಗೆ,

ನಿನ್ನ ಪತ್ರದಲ್ಲಿ ತಪ್ಪು ಮೂರೇ ಮೂರು. ಬೆಳೆದಿದ್ದೀಯ.

ನಕ್ಷೆಯ ಮೂಲೆಯ ಸಹಿಯನ್ನು ಕನ್ನಡಕ ಹಾಕಿಕೊಂಡೊಮ್ಮೆ, ತೆಗೆದೊಮ್ಮೆ ನೋಡಿದೆ. ಅಂಗೈಯಗಲದ ಹುಡುಗಿ ನನ್ನ ಭುಜದ ಮೇಲೆ ಕೂತು ಬಸ್ಸುಗಳನ್ನು ಎಣಿಸುತ್ತಿದ್ದವಳು, ಈಗ ನಮ್ಮ ಹದಿನೆಂಟು ಜನರನ್ನು ಎಲ್ಲಿ ಕೂರಿಸಬೇಕೆಂದು ತೀರ್ಮಾನಿಸುತ್ತಾಳೆ. ಹೆಮ್ಮೆಯಿಂದ ಎದೆ ಉಬ್ಬಿ ಅಂಗಿಯ ಗುಂಡಿ ಕಿತ್ತು ಬರುವುದೊಂದು ಬಾಕಿ.

ಹಾಲ್ ಬಹಳ ಚೆನ್ನಾಗಿದೆ. ಬೆಳಕಂತೂ ಹೇಳುವುದೇ ಬೇಡ, ಮೇಜಿನ ಮೇಲೆ ನೆರಳು ಬೀಳಲು ಜಾಗವೇ ಇಲ್ಲ. ಕಾರ್ಪೆಟ್ ಎಷ್ಟು ಮೆತ್ತಗಿದೆಯೆಂದರೆ ಮ್ಯಾನೇಜರ್ ಬೆನ್ನ ಹಿಂದೆ ಬಂದು ನಿಂತರೂ ಗೊತ್ತಾಗುವುದಿಲ್ಲ. ಗೋಡೆಗಳಿಲ್ಲದ್ದರಿಂದ ಎಲ್ಲರೂ ಎಲ್ಲರಿಗೂ ಕಾಣುತ್ತೇವೆ. ನಾನು ಸೀನಿದರೆ ಆ ತುದಿಯ ಲೆಕ್ಕದವರು "ಒಳ್ಳೇದಾಗ್ಲಿ" ಅನ್ನುತ್ತಾರೆ. ಇಷ್ಟು ಒಗ್ಗಟ್ಟು ಹಳೆಯ ಕಟ್ಟಡದಲ್ಲಿ ಇರಲಿಲ್ಲ. "ದಯವಿಟ್ಟು ಮೆಲ್ಲಗೆ ಮಾತನಾಡಿ" ಎಂಬ ಫಲಕವೂ ಅಚ್ಚುಕಟ್ಟಾಗಿದೆ, ಅದರಲ್ಲಿ ಒಂದೂ ತಪ್ಪಿಲ್ಲ.

ನನ್ನ ಜೊತೆ ಕೆಲಸ ಮಾಡುವ ಗಂಟೆಯಮ್ಮ ನಿನಗೆ ನೆನಪಿರಬೇಕು. ಕಂಚಿನ ಕಂಠದವಳು, ಹದಿನಾಲ್ಕು ವರ್ಷದಿಂದ ನನ್ನ ಎದುರಿನ ಕುರ್ಚಿ. ನಾವೇ ಆ ಹೆಸರಿಟ್ಟದ್ದು. ಅವಳಿಗೂ ಹಾಲ್ ಹಿಡಿಸಿದೆ. "ಎಷ್ಟು ಶಾಂತಿ ಸರ್, ಸುಮ್ನೆ ಕೂತಿದ್ರೆ ಒಳ್ಳೆ ನಿದ್ದೆ ಬರುತ್ತೆ," ಅಂದಳು.

ಅಂಕದ ಬಗ್ಗೆ ಚಿಂತೆ ಬೇಡ. ನಿನ್ನ ನೌಕರಿ ಕಾಯಂ ಆದದ್ದೇ ಆಯಿತು ಅಂದುಕೋ. ನಿನ್ನ ಸ್ವಂತ ಆಫೀಸು ಇನ್ನೂ ಸೊಗಸಾಗಿರಬೇಕಲ್ಲ? ಆಫೀಸು ಕಟ್ಟುವವರ ಆಫೀಸು.

ನಿನ್ನ ಮಾವ


ಜನವರಿ 20

ಪ್ರೀತಿಯ ಮಾವನಿಗೆ,

ನಿನ್ನ ಪತ್ರವನ್ನು ನಮ್ಮ ದೊಡ್ಡ ಮೇಡಂ ಮುಂದೆ ಓದಿಬಿಟ್ಟೆ. ಅವರು ಯಾವುದಕ್ಕೂ ಸುಲಭವಾಗಿ ತಲೆಯಾಡಿಸುವವರಲ್ಲ. "ಸುಮ್ನೆ ಕೂತಿದ್ರೆ ಒಳ್ಳೆ ನಿದ್ದೆ ಬರುತ್ತೆ" ಎಂಬಲ್ಲಿಗೆ ಬಂದಾಗ ಮಾತ್ರ ಒಂದು ನಿಮಿಷ ಯೋಚಿಸಿ, "ಮನಸ್ಸಿನ ನೆಮ್ಮದಿ ಅಂತ ಬರ್ಕೋ," ಅಂದರು. ಬರೆದುಕೊಂಡೆ. ಒಗ್ಗಟ್ಟಿನ ಮಾತೂ ವರದಿಗೆ ಸೇರಿದೆ. ಇದೇ ಮಾದರಿಯಲ್ಲಿ ಇನ್ನು ಆರು ಊರಿನ ಆಫೀಸುಗಳನ್ನು ಮಾಡುವ ಮಾತು ನಡೆಯುತ್ತಿದೆ.

ನೀನು ಸಂಕೋಚಕ್ಕೆ ಹೊಗಳಿದೆಯೇನೋ ಎಂದು ಒಂದು ಅನುಮಾನ ಬಂದದ್ದು ಸುಳ್ಳಲ್ಲ. ಆದರೆ ನನ್ನ ಒಂದನೇ ತರಗತಿಯ ಚಿತ್ರಕ್ಕೇ "ಇದು ಕುದುರೆಯಲ್ಲ, ನಾಲ್ಕು ಕಾಲಿನ ಚಪ್ಪಲಿ" ಎಂದು ಬರೆದವನು ನೀನು. ಅಂಥವನು ಚೆನ್ನಾಗಿದೆ ಎಂದರೆ ಚೆನ್ನಾಗಿದೆ ಎಂದೇ ಅರ್ಥ.

ಇನ್ನೊಂದು ಹೊಸತು. ನಿಮ್ಮ ಕುರ್ಚಿಗಳ ಅಡಿಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಪೆಟ್ಟಿಗೆ ಇದೆ. ಯಾರು ಕೂತರು ಎಂಬುದು ಅದಕ್ಕೆ ತಿಳಿಯುವುದಿಲ್ಲ, ಕುರ್ಚಿ ದಿನಕ್ಕೆ ಎಷ್ಟು ಹೊತ್ತು ಬಳಕೆಯಾಯಿತು ಎಂದಷ್ಟೇ ಎಣಿಸುತ್ತದೆ. ಹದಿನೈದು ದಿನಕ್ಕೊಮ್ಮೆ ಪಟ್ಟಿ ನನ್ನ ಮೇಜಿಗೆ ಬರುತ್ತದೆ.

ನನ್ನ ಆಫೀಸು ಕೇಳಿದೆಯಲ್ಲ, ಬಹಳ ಚೆನ್ನಾಗಿದೆ. ಎಲ್ಲ ಅನುಕೂಲವೂ ಕೈಗೆಟಕುವಷ್ಟು ಹತ್ತಿರ.

ನಿನ್ನ
ತರಲೆ


ಫೆಬ್ರವರಿ 10

ಪ್ರೀತಿಯ ತರಲೆಗೆ,

ಉತ್ತರ ತಡವಾಯಿತು, ಹೊಟ್ಟೆಗೆ ಹಾಕಿಕೋ. ಕೈತುಂಬ ಕೆಲಸ.

ಇಲ್ಲಿ ಎಲ್ಲ ಕ್ಷೇಮ. ಈಚೆಗೆ ಸ್ವಲ್ಪ ಗಾಳಿ ಸೇವನೆ ಜಾಸ್ತಿಯಾಗಿದೆ, ಮೈಗೆ ಒಳ್ಳೆಯದು. ಗಂಟೆಯಮ್ಮನ ಕಂಠವೂ ಸುಧಾರಿಸಿದೆ. ನಡುವೆ ಸ್ವಲ್ಪ ಕುಗ್ಗಿತ್ತು.

ಕುರ್ಚಿಯ ಅಡಿಯ ಪೆಟ್ಟಿಗೆಯನ್ನು ಬಗ್ಗಿ ನೋಡಿದೆ. ಹಸಿರು ದೀಪವೊಂದು ಮಿಣುಕುತ್ತದೆ. ಇದಕ್ಕೆ ಮನುಷ್ಯರೇ ಬೇಕೋ ಅಥವಾ ಭಾರವಾದ ನಿಘಂಟು ಇಟ್ಟರೂ ನಡೆಯುತ್ತದೋ? ಸುಮ್ಮನೆ ಕುತೂಹಲಕ್ಕೆ ಕೇಳಿದೆ.

ಇನ್ನೊಂದು ಮಾತು. ನನ್ನ ಸ್ನೇಹಿತನೊಬ್ಬ ಇದ್ದಾನೆ, ನನ್ನದೇ ವಯಸ್ಸು, ಸೇವೆ ಇನ್ನು ಮೂರು ವರ್ಷ ಬಾಕಿ. ಅವಧಿಗೆ ಮೊದಲೇ ನಿವೃತ್ತಿ ಕೇಳಿದರೆ ಕೇಂದ್ರ ಕಚೇರಿಯವರು ಕೊಡುತ್ತಾರೋ, ಎಷ್ಟು ದಿನ ಮೊದಲು ಅರ್ಜಿ ಹಾಕಬೇಕೋ ಎಂದು ವಿಚಾರಿಸುತ್ತಿದ್ದ. ನಿನಗೆ ತಿಳಿದವರಿದ್ದರೆ ಕೇಳಿ ಬರೆ. ಅವನು ಕೆಲಸದಲ್ಲಿ ಬಹಳ ಗಟ್ಟಿಗನಾಗಿದ್ದವನು. ಈಗ ಏಕೋ ಅವನಿಗೆ ಬೆಳಗ್ಗೆ ಎದ್ದು ಆಫೀಸಿಗೆ ಹೊರಡಲು ಕಾಲೇ ಬರುವುದಿಲ್ಲವಂತೆ.

ನಿಮ್ಮಮ್ಮ ಕ್ಷೇಮ. ನೀನು ಸರಿಯಾಗಿ ಊಟ ಮಾಡುತ್ತಿಲ್ಲ ಎಂಬ ಹಳೆಯ ಆರೋಪ ಇನ್ನೂ ಜಾರಿಯಲ್ಲಿದೆ.

ನಿನ್ನ ಮಾವ


ಫೆಬ್ರವರಿ 17

ಪ್ರೀತಿಯ ಮಾವನಿಗೆ,

ನಿನ್ನ ಸ್ನೇಹಿತನಿಗೆ ಹೇಳು, ಮೂರು ತಿಂಗಳು ಮೊದಲು ಅರ್ಜಿ ಕೊಟ್ಟರೆ ಸಾಕು. ಪಾಪ, ಅವರ ಆಫೀಸು ಹಳೆಯದಿರಬೇಕು. ನಮ್ಮ ವಿಭಾಗಕ್ಕೆ ಬರೆದರೆ ಅವರಿಗೂ ಒಂದು ಹಾಲ್ ಮಾಡಿಕೊಡುತ್ತೇನೆ.

ಈಗ ನಿನಗೆ ಶಹಬ್ಬಾಸ್ ಹೇಳುವ ಸರದಿ ನನ್ನದು. ಫೆಬ್ರವರಿಯ ಮೊದಲ ಹದಿನೈದು ದಿನದ ಕುರ್ಚಿಗಳ ಪಟ್ಟಿ ಬಂತು. ಉಳಿದವರಲ್ಲಿ ಹೆಚ್ಚಿನವರು ದಿನಕ್ಕೆ ಆರು ಗಂಟೆ, ಆರೂವರೆ ಗಂಟೆ ಕೂತಿದ್ದಾರೆ. ವೇಳಾಪಟ್ಟಿ ವಿಭಾಗದ ಎರಡು ಕುರ್ಚಿ ಮಾತ್ರ ದಿನಕ್ಕೆ ಐವತ್ತು ನಿಮಿಷ. ಆದರೂ ಫೆಬ್ರವರಿಯ ಇದುವರೆಗಿನ ಎಲ್ಲ ವೇಳಾಪಟ್ಟಿಗಳೂ ಹೊತ್ತಿಗೆ ಸರಿಯಾಗಿ, ಒಂದೂ ತಪ್ಪಿಲ್ಲದೆ ಬಂದಿವೆ. ಹೊಸ ಜಾಗ ಹಿಡಿಸಿದರೆ ದಿನದ ಕೆಲಸ ಐವತ್ತು ನಿಮಿಷದಲ್ಲಿ ಮುಗಿಯುತ್ತದೆ ಎಂದು ದೊಡ್ಡ ಮೇಡಂ ಎಲ್ಲರ ಮುಂದೆ ಹೇಳಿದರು. ನಾನು ನೆಲಕ್ಕಿಂತ ಒಂದಡಿ ಮೇಲಿದ್ದೆ.

ಹಾಗಾಗಿ ಒಂದು ಪ್ರಸ್ತಾಪ ತಯಾರಾಗಿದೆ, ಬರೆದವಳು ನಾನೇ. ಐವತ್ತು ನಿಮಿಷದ ಕೆಲಸಕ್ಕೆ ಎರಡು ಕುರ್ಚಿ, ಒಂದು ವಿಭಾಗ ಏಕೆ? ಅದನ್ನು ಕಂಪ್ಯೂಟರಿನವರ ಜೊತೆ ಸೇರಿಸಬಹುದು. ನಿನಗೆ ಮುಂಬಾಗಿಲಲ್ಲಿ ವಿಚಾರಣೆಯ ಮೇಜು. ಬಂದವರ ಜೊತೆ ಮಾತಾಡಿಕೊಂಡು ಮೂರು ವರ್ಷ ಹಾಯಾಗಿ ಕಳೆಯಬಹುದು. ಗಂಟೆಯಮ್ಮನಿಗೆ ಟಿಕೆಟ್ ರೋಲುಗಳ ಉಗ್ರಾಣದ ಉಸ್ತುವಾರಿ. ಅಲ್ಲಿ ಒಬ್ಬರೇ ಇರುತ್ತಾರೆ, ಅವರು ಬಯಸುವ ಶಾಂತಿ ಅಲ್ಲಿ ಬೇಕಾದಷ್ಟು ಸಿಗುತ್ತದೆ.

ಮಾರ್ಚ್ ಒಂದಕ್ಕೆ ವರದಿ ಮೇಲಕ್ಕೆ ಹೋಗುತ್ತದೆ. ನಿನಗೆ ಮೊದಲೇ ಹೇಳಿ ಖುಷಿಪಡಿಸೋಣ ಎಂದು ಬರೆದೆ.

ನಿನ್ನ
ತರಲೆ

(ನಿಘಂಟು ಇಟ್ಟರೆ ನಡೆಯುವುದಿಲ್ಲ. ಅದಕ್ಕೆ ಮೈಯ ಬಿಸಿ ಬೇಕು.)


ಫೆಬ್ರವರಿ 21

ಪ್ರೀತಿಯ ತರಲೆಗೆ,

ನಿನ್ನ ಪತ್ರ ಬಂತು. ಇದನ್ನು ಬರೆಯಲು ಮೂರು ಹಾಳೆ ಹರಿದಿದ್ದೇನೆ. ಕೂತು ಓದು.

ಆ ಸ್ನೇಹಿತ ನಾನೇ. ನಿನ್ನ ಹಾಲ್ ಚೆನ್ನಾಗಿದೆ, ಅದರಲ್ಲಿ ಸುಳ್ಳಿಲ್ಲ. ಆದರೆ ಅದರಲ್ಲಿ ನಮ್ಮ ಕೆಲಸ ಮಾಡಲು ಆಗುವುದಿಲ್ಲ.

ನಮ್ಮ ಕೆಲಸ ಹೇಗೆ ನಡೆಯುತ್ತದೆಂದು ನಿನಗೆ ಯಾರೂ ಹೇಳಿಲ್ಲ, ನಾನೂ ಹೇಳಲಿಲ್ಲ. ಗಂಟೆಯಮ್ಮ ಮೂಲಪ್ರತಿಯನ್ನು ಗಟ್ಟಿಯಾಗಿ ಓದುತ್ತಾಳೆ. ನಾನು ಅಚ್ಚಿನ ಕರಡಿನ ಮೇಲೆ ಸ್ಕೇಲು ಇಟ್ಟುಕೊಂಡು ಸಾಲು ಸಾಲಾಗಿ ಇಳಿಯುತ್ತೇನೆ. ಅವಳು ಸುಮ್ಮನೆ ಓದುವುದಿಲ್ಲ, ರಾಗವಾಗಿ ಓದುತ್ತಾಳೆ. "ಎಂಟು ಹತ್ತು, ಎಂಟು ಇಪ್ಪತ್ತೈದು, ಎಂಟು ನಲವತ್ತು, ಎಂಟು ಐವತ್ತೈದು." ಕಾಲು ಗಂಟೆಗೊಂದು ಬಸ್ಸಿಗೆ ಒಂದು ಲಯ, ಹತ್ತು ನಿಮಿಷಕ್ಕೊಂದಕ್ಕೆ ಇನ್ನೊಂದು. ಅಂಕಿ ತಪ್ಪಿದರೆ ಲಯ ಎಡವುತ್ತದೆ, ಇಬ್ಬರೂ ಒಟ್ಟಿಗೆ ತಲೆ ಎತ್ತುತ್ತೇವೆ. ಕಣ್ಣಿಗೆ ಅಭ್ಯಾಸಬಲ ಜಾಸ್ತಿ, ತಪ್ಪನ್ನೂ ಸರಿಯೆಂದೇ ಓದಿಕೊಂಡು ಹೋಗುತ್ತದೆ. ಕಿವಿ ಹಾಗೆ ಬಿಡುವುದಿಲ್ಲ. ನೀನು ಪಾಪ ಎಂದ ಆ ಕತ್ತಲ ಗೂಡಿಗೆ ದಪ್ಪ ಗೋಡೆಯಿತ್ತು, ಒಂದು ಬಾಗಿಲಿತ್ತು. ಬಾಗಿಲು ಮುಚ್ಚಿದರೆ ಅದು ನಮ್ಮ ಸಾಮ್ರಾಜ್ಯ.

ಹೊಸ ಹಾಲ್‌ನಲ್ಲಿ ಮೊದಲ ದಿನ ಗಂಟೆಯಮ್ಮ "ಆರು ಐದು" ಎಂದಳು ನೋಡು, ಹದಿನಾರು ತಲೆ ನಮ್ಮ ಕಡೆ ತಿರುಗಿದವು. ಮ್ಯಾನೇಜರ್ ಬಂದು ಫಲಕ ತೋರಿಸಿದರು. ಅವಳು ಪಿಸುಗುಟ್ಟಿದಳು. ಅವಳ ಪಿಸುಮಾತು ಬೇರೆಯವರ ಕೂಗು. ಕೊನೆಗೆ ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡು ಮನಸ್ಸಿನಲ್ಲೇ ಓದಿದೆವು. ಅದರ ಫಲ, ಮೂವತ್ತೇಳನೇ ನಂಬರ್ ಬಸ್ಸು. ಹೊರಡುವುದು ಏಳು ಐವತ್ತಕ್ಕೆ, ತಲುಪುವುದು ಏಳು ಮೂವತ್ತೈದಕ್ಕೆ. ಅರವತ್ತು ನಿಲ್ದಾಣಗಳಲ್ಲಿ ಹಾಗೆಯೇ ಅಂಟಿಸಿದರು. ಯಾರೋ ಪುಣ್ಯಾತ್ಮ ಅದರ ಕೆಳಗೆ, "ಈ ಬಸ್ಸು ಹತ್ತಿದರೆ ವಯಸ್ಸು ಕಡಿಮೆಯಾಗುತ್ತದೆ" ಎಂದು ಬರೆದಿದ್ದ. ಊರೆಲ್ಲ ನಕ್ಕಿತು. ನನಗೆ ಇಪ್ಪತ್ತಾರು ವರ್ಷದಲ್ಲಿ ಅಷ್ಟು ಅವಮಾನ ಆಗಿರಲಿಲ್ಲ. ಅದೇ ವಾರ ನಿವೃತ್ತಿಯ ಯೋಚನೆ ಬಂದದ್ದು.

ದಾರಿ ಹುಡುಕಿದ್ದು ಗಂಟೆಯಮ್ಮ. "ಸರ್, ಜೋರಾಗಿ ಮಾತಾಡಿದ್ರೂ ಯಾರೂ ಬೈಯದ ಜಾಗ ಒಂದೇ ಇರೋದು, ಬಸ್ಸು," ಅಂದಳು. ಮರುದಿನ ಹತ್ತು ಗಂಟೆಗೆ ಆರನೇ ನಂಬರ್ ಬಸ್ಸು ಹತ್ತಿದೆವು. ಅದು ಊರು ಸುತ್ತಿ ಒಂದೂ ಕಾಲು ಗಂಟೆಗೆ ಮತ್ತೆ ಆಫೀಸಿನ ಎದುರೇ ಬರುತ್ತದೆ. ಹಿಂದಿನ ಸೀಟು, ತೊಡೆಯ ಮೇಲೆ ಹಲಗೆ, ಅದರ ಮೇಲೆ ಕರಡು. ಇಂಜಿನ್ನಿನ ಸದ್ದಿಗೆ ಸರಿಸಮನಾಗಿ ಅವಳ ಕಂಠ. ದಿನಕ್ಕೆ ನಾಲ್ಕು ಸುತ್ತು ಹೊಡೆಯುತ್ತೇವೆ. ಮ್ಯಾನೇಜರ್‌ಗೆ ಮಾರ್ಗ ಪರಿಶೀಲನೆ ಎಂದು ಹೇಳಿದ್ದೇನೆ.

ಈಗ ಪ್ರಯಾಣಿಕರೂ ಸೇರಿಕೊಂಡಿದ್ದಾರೆ. ಒಬ್ಬರು ನರ್ಸ್ ಇದ್ದಾರೆ, ಮೊನ್ನೆ ಮುಂದಿನ ಸೀಟಿನಿಂದಲೇ ತಿರುಗಿ, "ಆಸ್ಪತ್ರೆ ಹತ್ರ ಒಂಬತ್ತು ಇಪ್ಪತ್ತಕ್ಕೆ ಯಾವತ್ತೂ ಬರಲ್ಲ ಕಣ್ರೀ, ರೈಲ್ವೆ ಗೇಟ್ ಹಾಕಿರ್ತಾರೆ, ಇಪ್ಪತ್ತೇಳಾಗುತ್ತೆ," ಅಂದರು. ಡ್ರೈವರ್ ಕೂಡ ಹೌದೆಂದು ಹಾರ್ನ್ ಹೊಡೆದ. ಹಾಗೆ ಹನ್ನೊಂದು ಸಮಯಗಳನ್ನು ಸರಿಮಾಡಿದ್ದೇವೆ. ನಿನ್ನ ಮೇಡಂ ಮೆಚ್ಚಿದ ತಪ್ಪಿಲ್ಲದ ಪಟ್ಟಿ ತಯಾರಾದದ್ದು ಆ ಹಿಂದಿನ ಸೀಟಿನಲ್ಲಿ. ಐವತ್ತು ನಿಮಿಷ ಎಂಬುದು ನಾವು ನೀರು ಕುಡಿಯಲು, ಕಾಗದ ಬದಲಿಸಲು ಬಂದು ಕೂತ ಹೊತ್ತು.

ತಪ್ಪು ನಿನ್ನದಲ್ಲ. ನಕ್ಷೆ ಬರೆಯುವ ಮೊದಲು ನೀವು ಒಂದು ಫಾರಂ ಕಳಿಸಿದ್ದಿರಿ. ಅದರಲ್ಲಿ "ನಿಮ್ಮ ಕೆಲಸದಿಂದ ಸದ್ದು ಉಂಟಾಗುತ್ತದೆಯೇ?" ಎಂಬ ಪ್ರಶ್ನೆ ಇತ್ತು. ನಾನು "ಇಲ್ಲ" ಎಂದು ಬರೆದೆ. ಸುಳ್ಳು ಬರೆಯಬೇಕೆಂದಲ್ಲ, ತರಲೆ. ಸದ್ದು ಮಾಡುವುದು ಬಸ್ಸು, ಟೈಪ್ ಯಂತ್ರ, ಕ್ಯಾಂಟೀನಿನ ತಟ್ಟೆ. ಗಂಟೆಯಮ್ಮ ಓದುವುದು ಸದ್ದು ಎಂದು ನನಗೆ ಹೊಳೆಯಲೇ ಇಲ್ಲ. ಅವಳೂ "ಇಲ್ಲ" ಎಂದೇ ಬರೆದಿದ್ದಾಳೆ.

ಆಮೇಲಾದರೂ ನಿನಗೆ ಹೇಳಬೇಕಿತ್ತು. ನಿಮ್ಮಮ್ಮ ಮೊದಲೇ, "ಮಗೂದು ಮೊದಲ ಕೆಲಸ, ಹುಳುಕು ಹುಡುಕಿ ಬರೆದೀಯಾ ಜೋಕೆ," ಎಂದು ಎಚ್ಚರಿಸಿದ್ದಳು. ಅಕ್ಕ ಹೇಳದಿದ್ದರೂ ನಾನು ಬರೆಯುತ್ತಿರಲಿಲ್ಲವೇನೋ. ನಿನಗೆ ನೋವಾಗುತ್ತದೆಂದು ಹೆದರಿದೆ.

ನನ್ನದು ಬಿಡು, ಅರ್ಜಿ ಕೊಟ್ಟು ಮನೆಗೆ ಹೋಗುತ್ತೇನೆ. ಗಂಟೆಯಮ್ಮನಿಗೆ ಇನ್ನೂ ಹನ್ನೊಂದು ವರ್ಷ ಇದೆ. ಆ ಕಂಠವನ್ನು ಟಿಕೆಟ್ ರೋಲುಗಳ ನಡುವೆ ಒಂಟಿಯಾಗಿ ಕೂರಿಸಬೇಡ. ಹಾಗೆಯೇ, ನಿಜ ಹೇಳಿದರೆ ನಿನ್ನ ನೌಕರಿಗೆ ಕುತ್ತು ಬರುವುದಾದರೆ ಈ ಪತ್ರವನ್ನು ಹರಿದುಹಾಕು. ಎರಡನ್ನೂ ಒಟ್ಟಿಗೆ ಕೇಳುತ್ತಿದ್ದೇನೆ ಎಂದು ನನಗೇ ಗೊತ್ತು. ಯಾವುದು ಸರಿಯೋ ನೀನೇ ನೋಡು.

ನಿನ್ನ ಮಾವ


ಫೆಬ್ರವರಿ 25

ಮಾವ,

ಪ್ರೀತಿಯ ಎಂದು ಬರೆದಿಲ್ಲ, ಗಮನಿಸು. ಕೋಪ ಬಂದಿದೆ.

ನಿನ್ನ ಪತ್ರ ಓದುತ್ತಾ ಮೊದಲ ಪುಟಕ್ಕೆ ಅತ್ತೆ. ಮೂವತ್ತೇಳನೇ ನಂಬರ್ ಬಸ್ಸಿಗೆ ಬಂದಾಗ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಕೊನೆಯ ಪುಟಕ್ಕೆ ಮತ್ತೆ ಅತ್ತೆ. ಪಕ್ಕದಲ್ಲಿ ಜೆರಾಕ್ಸ್ ಮಾಡಿಸಲು ನಿಂತವರು ನನಗೇನೋ ಆಗಿದೆ ಎಂದು ನೀರು ತಂದುಕೊಟ್ಟರು.

ಹೌದು, ಜೆರಾಕ್ಸ್. "ಎಲ್ಲ ಅನುಕೂಲವೂ ಕೈಗೆಟಕುವಷ್ಟು ಹತ್ತಿರ" ಎಂದು ಬರೆದಿದ್ದೆನಲ್ಲ, ಅದರ ಅರ್ಥ ಇದು. ನನ್ನ ಮೇಜು ಇರುವುದು ಜೆರಾಕ್ಸ್ ಯಂತ್ರಕ್ಕೂ ಶೌಚಾಲಯದ ಬಾಗಿಲಿಗೂ ನಡುವೆ, ಕಿಟಕಿಯಿಲ್ಲದ ಮೂಲೆಯಲ್ಲಿ. ದಿನವಿಡೀ ನೀಲಿ ಬೆಳಕು ಕಣ್ಣಿಗೆ ಹೊಡೆಯುತ್ತದೆ, ಸಂಜೆಗೆ ತಲೆ ಸಿಡಿಯುತ್ತದೆ. ನಿಮಗೆ ಅಷ್ಟು ದೊಡ್ಡ ಕಿಟಕಿಗಳನ್ನು ಬರೆದದ್ದು ಅದಕ್ಕೇ ಇರಬೇಕು. ನನಗೆ ಬೇಕಾದ್ದನ್ನೆಲ್ಲ ನಿನ್ನ ಆಫೀಸಿಗೆ ಹಾಕಿಬಿಟ್ಟೆ. ನಿನಗೆ ಏನು ಬೇಕೆಂದು ಒಂದು ಪತ್ರ ಬರೆದು ಕೇಳಬಹುದಿತ್ತು. ಕೇಳುವ ಬದಲು ಫಾರಂ ಕಳಿಸಿದೆ.

ನಿನ್ನ ಹೊಗಳಿಕೆಯನ್ನು ನಂಬಿ ಆರು ಊರಿನ ಗೋಡೆ ಒಡೆಸಲು ಹೊರಟಿದ್ದೆ. ನಿನ್ನನ್ನು ಮುಂಬಾಗಿಲಿಗೆ, ಗಂಟೆಯಮ್ಮನವರನ್ನು ಉಗ್ರಾಣಕ್ಕೆ ಅಟ್ಟಲು ನನ್ನ ಕೈಯಾರೆ ಬರೆದಿದ್ದೆ. ಇನ್ನು ಮೇಲೆ ನನ್ನನ್ನು ಖುಷಿಪಡಿಸಲು ಸುಳ್ಳು ಹೇಳಿದರೆ ಊರಿಗೆ ಬಂದು ಕಿವಿ ಹಿಂಡುತ್ತೇನೆ, ಸೋದರಮಾವ ಎಂದೂ ನೋಡುವುದಿಲ್ಲ.

ನಿನ್ನ ಪತ್ರವನ್ನು ದೊಡ್ಡ ಮೇಡಂಗೆ ಕೊಟ್ಟೆ. ಪೂರ್ತಿ ಓದಿದರು. "ನಿಮ್ಮ ಮಾವ ಒಬ್ರ ಮಾತು ಕೇಳಿ ನಾವು ಹೊಗಳಿದ್ದೂ ತಪ್ಪು, ಈಗ ಒಬ್ರ ಮಾತು ಕೇಳಿ ತೆಗಳೋದೂ ತಪ್ಪು. ಸಮೀಕ್ಷೆ ಬರ್ಲಿ. ಅಂಕ ಅರವತ್ತಕ್ಕಿಂತ ಕಡಿಮೆ ಬಂದ್ರೆ ಹಾಲ್ ಬದಲಾಯಿಸೋಣ. ಆದ್ರೆ ನೀನು ಕಾಯಂ ಆಗೋದು ಆರು ತಿಂಗಳು ಮುಂದಕ್ಕೆ ಹೋಗುತ್ತೆ, ಯೋಚನೆ ಮಾಡು," ಅಂದರು.

ಯೋಚನೆ ಮಾಡಿದೆ, ಎರಡು ನಿಮಿಷ. ನಿಮ್ಮ ವಿಭಾಗದ ಪ್ರಸ್ತಾಪವನ್ನು ವಾಪಸ್ ತೆಗೆದುಕೊಂಡೆ. ಫಾರಂನಲ್ಲಿ ನಿಜ ಬರೆ. ನೀನು ಅರ್ಜಿ ಕೊಡುವುದಾದರೆ ಬೇಸರ ಬಂದು ಕೊಡು, ನನ್ನ ಹಾಲ್‌ಗೆ ಹೆದರಿ ಕೊಡಬೇಡ.

ತರಲೆ


ಮಾರ್ಚ್ 14

ಪ್ರೀತಿಯ ತರಲೆಗೆ,

ನಾನು ಮಾತ್ರ ಪ್ರೀತಿಯ ಎಂದೇ ಬರೆಯುತ್ತೇನೆ.

ನಿನ್ನೆ ಫಾರಂ ಕೊಟ್ಟರು. ಹೆಸರು ಬರೆಯುವಂತಿಲ್ಲ, ಹನ್ನೆರಡು ಪ್ರಶ್ನೆ, ಒಂದರಿಂದ ಐದರವರೆಗೆ ಅಂಕ. ಒಂದನೇ ಪ್ರಶ್ನೆ, "ನಿಮ್ಮ ಕೆಲಸದ ಜಾಗದಿಂದ ನಿಮಗೆ ತೃಪ್ತಿ ಇದೆಯೇ?" ಪೆನ್ನು ಹಿಡಿದು ಕಾಲು ಗಂಟೆ ಕೂತೆ. ಒಂದು ಎಂದು ಬರೆಯಬೇಕು. ಬರೆದರೆ ಆ ಒಂದು ನೇರ ನಿನ್ನ ತಲೆಯ ಮೇಲೆ ಬೀಳುತ್ತದೆ. ಪರರ ತಪ್ಪು ಹುಡುಕಿ ಹೊಟ್ಟೆ ಹೊರೆದವನಿಗೆ ಇದೊಂದು ತಪ್ಪು ಗುರುತಿಸಲು ಮನಸ್ಸೇ ಬರಲಿಲ್ಲ.

ಗಂಟೆಯಮ್ಮ ಎದುರು ಕೂತು ನನ್ನನ್ನೇ ನೋಡುತ್ತಿದ್ದಳು. ಪಿಸುದನಿಯಲ್ಲಿ, ಎಂದರೆ ಹಾಲ್‌ಗೆಲ್ಲ ಕೇಳುವ ಹಾಗೆ, "ಸರ್, ನಿಮ್ಮ ಸೊಸೆ ಕೇಳಿರೋದು ಅಂಕ ಅಲ್ಲ, ನಿಜ. ಕೊಟ್ಬಿಡಿ," ಅಂದಳು.

ಆಮೇಲೆ ಲೆಕ್ಕದವರು ಆ ತುದಿಯಿಂದ, "ಹಂಗಾದ್ರೆ ನಾನೂ ನಿಜ ಬರೀತೀನಪ್ಪ. ಇಷ್ಟು ದಿನ ಕೂಡೋ ಲೆಕ್ಕ ಎಲ್ಲ ಮೆಟ್ಟಿಲ ಮೇಲೆ ಕೂತು ಮಾಡ್ತಿದ್ದೆ," ಅಂದರು. ದೂರು ಕೇಳುವ ಫೋನಿನ ಹುಡುಗಿ ಕೋಟುಗಳ ಕಪಾಟಿನೊಳಗೆ ತಲೆ ತೂರಿಸಿ ಮಾತಾಡುತ್ತಿದ್ದಳಂತೆ, ಬೈಯುವವರ ಮಾತು ಎಲ್ಲರಿಗೂ ಕೇಳದಿರಲಿ ಎಂದು. ಇಬ್ಬರು ಮಾತ್ರ ತಮಗೆ ಹಾಲ್ ನಿಜವಾಗಿ ಇಷ್ಟ, ಹಳೆಯ ಕಟ್ಟಡದಲ್ಲಿ ಉಬ್ಬಸ ಬರುತ್ತಿತ್ತು ಅಂದರು. ಅದನ್ನೂ ನೀನು ತಿಳಿದಿರಬೇಕು. ಬೆಳಕಿಗೆ, ಗಾಳಿಗೆ ನಾನೂ ಐದಕ್ಕೆ ಐದು ಕೊಟ್ಟಿದ್ದೇನೆ.

ಒಂದನೇ ಪ್ರಶ್ನೆಗೆ ಒಂದು ಎಂದು ಬರೆದೆ. ಹೆಸರು ಬೇಡವೆಂದಿದ್ದರೂ ಕೆಳಗೆ ಸಹಿ ಮಾಡಿದೆ. ಸಹಿ ಇಲ್ಲದೆ ತಪ್ಪು ಎಂದು ಗುರುತು ಹಾಕಿ ನನಗೆ ಅಭ್ಯಾಸವಿಲ್ಲ. ಸಂಜೆ ಮನೆಗೆ ಹೋಗಿ ನಿಮ್ಮಮ್ಮನಿಗೂ ಹೇಳಿದೆ. ನಾಲ್ಕು ದಿನ ನನ್ನ ಜೊತೆ ಮಾತು ಬಿಡುತ್ತೇನೆ ಎಂದಿದ್ದಾಳೆ, ಇವತ್ತು ಮೊದಲ ದಿನ.

ನಿನ್ನ ಮಾವ


ಏಪ್ರಿಲ್ 3

ಪ್ರೀತಿಯ ಮಾವನಿಗೆ,

ಪ್ರೀತಿ ವಾಪಸ್ ಬಂದಿದೆ.

ಅಂಕ ನಲವತ್ತೊಂದು. ನೂರಕ್ಕೆ. ಕೇಂದ್ರ ಕಚೇರಿಯ ಚರಿತ್ರೆಯಲ್ಲೇ ಇಷ್ಟು ಕಡಿಮೆ ಯಾರಿಗೂ ಬಂದಿಲ್ಲವಂತೆ. ಒಂದು ದಾಖಲೆಯಂತೂ ನನ್ನ ಹೆಸರಿಗಾಯಿತು. ಕಾಯಂ ಆಗುವುದು ಆರು ತಿಂಗಳು ಮುಂದೆ ಹೋಯಿತು. ಒಂದು ದಿನ ಮುಖ ಊದಿಸಿಕೊಂಡು ಮಲಗಿದೆ, ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಮರುದಿನ ಎದ್ದು ಸ್ಕೇಲು ತೆಗೆದೆ.

ದೊಡ್ಡ ಮೇಡಂ ನಿಮ್ಮ ಫಾರಂಗಳನ್ನು ಒಂದೊಂದಾಗಿ ಓದಿದರು. ಸಹಿ ಇದ್ದದ್ದನ್ನು ಎರಡು ಸಲ. ಅದರಲ್ಲಿ ಏಳನೇ ಪ್ರಶ್ನೆಯ ವಾಕ್ಯವನ್ನೇ ನೀನು ಕೆಂಪು ಪೆನ್ಸಿಲಿನಲ್ಲಿ ತಿದ್ದಿದ್ದೀಯಂತೆ. "ಈ ಮನುಷ್ಯನನ್ನ ಮುಂಬಾಗಿಲಲ್ಲಿ ಕೂರಿಸ್ತಿದ್ವಾ?" ಎಂದು ನನ್ನ ಕಡೆ ನೋಡಿದರು. ಆ ಆರು ಊರಿನ ಕೆಲಸ ನಿಲ್ಲಿಸಿದ್ದಾರೆ. ಈಗ ಮೊದಲು ಒಂದು ವಾರ ಹೋಗಿ ಅಲ್ಲಿನವರ ಪಕ್ಕದಲ್ಲಿ ಕೂತು ಬಂದ ಮೇಲೆಯೇ ನಕ್ಷೆ. ಆ ನಿಯಮ ನನ್ನದು, ಮೇಡಂ ಒಪ್ಪಿದರು.

ನನ್ನ ಮೇಜನ್ನೂ ಸರಿಸಿಕೊಂಡೆ. ಕೇಳಿದೆ, ಕೊಟ್ಟರು. ಸೇರಿದಂದಿನಿಂದ ಕೇಳಿರಲಿಲ್ಲ, ಅಷ್ಟೇ.

ಹಾಲ್ ಹಾಗೆಯೇ ಇರುತ್ತದೆ, ಇಷ್ಟಪಟ್ಟವರಿಗೆ. ಉತ್ತರದ ಮೂಲೆಯಲ್ಲಿ ನಿಮಗೆ ಒಂಬತ್ತಡಿ ಹತ್ತಡಿಯ ಕೋಣೆ, ಇಟ್ಟಿಗೆಯ ಗೋಡೆ, ಗಟ್ಟಿ ಮರದ ಬಾಗಿಲು. ಲೆಕ್ಕದವರಿಗೆ, ಫೋನಿನವರಿಗೆ ಇನ್ನೆರಡು ಚಿಕ್ಕವು. ಮೇ ತಿಂಗಳಲ್ಲಿ ಗೋಡೆ ಕಟ್ಟುವವರು ಬರುತ್ತಾರೆ. ಮುಗಿದ ಮೇಲೆ ಬರೆ. ಈ ಸಲ ಹೇಗೆ ಬರೆಯಬೇಕೆಂದು ನಿನಗೆ ಗೊತ್ತಿದೆ.

ನಿನ್ನ
ತರಲೆ


ಜೂನ್ 9

ಪ್ರೀತಿಯ ತರಲೆಗೆ,

ಕೋಣೆಗೆ ಬಂದು ಒಂದು ವಾರವಾಯಿತು. ನೀನು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ, ಮನಸ್ಸು ಗಟ್ಟಿ ಮಾಡಿಕೋ.

ಬಾಗಿಲಿನ ಹಿಡಿ ಎಡಗಡೆ ಇರಬೇಕಿತ್ತು, ಈಗ ತೆರೆದಾಗಲೆಲ್ಲ ನನ್ನ ಮೊಣಕೈಗೆ ಬಡಿಯುತ್ತದೆ. ಕಿಟಕಿ ಒಂದು ಅಡಿ ಮೇಲಾಯಿತು, ಕೂತರೆ ಬಸ್ಸುಗಳ ತಲೆ ಮಾತ್ರ ಕಾಣುತ್ತದೆ. ಕಪಾಟಿನ ಮೇಲಿನ ಹಲಗೆ ಯಾರ ಎತ್ತರಕ್ಕೆ ಮಾಡಿಸಿದೆಯೋ, ಗಂಟೆಯಮ್ಮ ಕುರ್ಚಿ ಹತ್ತಬೇಕು. ಗೋಡೆಯ ಬಣ್ಣ ಕಾಯಿಲೆಯವರ ಮುಖದ ಹಾಗಿದೆ. ಮೇಜು ಒಂದು ಕಾಲಿಗೆ ಕುಂಟುತ್ತದೆ, ಮಡಿಸಿದ ಕಾಗದ ಕೊಟ್ಟಿದ್ದೇವೆ. ಇನ್ನೂ ಒಂಬತ್ತು ದೂರುಗಳಿವೆ, ಬೇರೆ ಹಾಳೆಯಲ್ಲಿ ಕ್ರಮವಾಗಿ ಬರೆದಿಟ್ಟಿದ್ದೇನೆ. ಗಂಟೆಯಮ್ಮನ ದೂರು ಒಂದೇ, ಬಸ್ಸಿನ ಜನರನ್ನು ಬಿಟ್ಟು ಇರಲು ಆಗುತ್ತಿಲ್ಲವಂತೆ. ಹಾಗಾಗಿ ಶುಕ್ರವಾರ ಮಾತ್ರ ಆರನೇ ನಂಬರ್ ಬಸ್ಸಿನಲ್ಲಿ ನಾಲ್ಕು ಸುತ್ತು. ಮ್ಯಾನೇಜರ್ ಒಪ್ಪಿದ್ದಾರೆ, ಈ ಸಲ ನಿಜ ಹೇಳಿಯೇ ಕೇಳಿದೆ.

ಸೋಮವಾರ ಬೆಳಗ್ಗೆ ಮೊದಲ ಕರಡು ಹಿಡಿದು ಕೂತೆವು. ಗಂಟೆಯಮ್ಮ ಬಾಗಿಲು ಮುಚ್ಚಿದಳು. "ಶುರು ಮಾಡ್ಲಾ ಸರ್?" ಎಂದು ಕೇಳಿ, ಒಮ್ಮೆ ಕೆಮ್ಮಿ, ಐದು ಹತ್ತರ ಬಸ್ಸಿನಿಂದ ಎತ್ತಿಕೊಂಡಳು. ಪೂರ್ತಿ ಕಂಠದಲ್ಲಿ, ಯಾರ ಹಂಗೂ ಇಲ್ಲದೆ, ಒಂದೇ ಸಮನೆ ನಲವತ್ತೊಂದು ಪುಟ. ನಾನು ಏಳು ತಪ್ಪು ಹಿಡಿದೆ. ತಲೆ ಎತ್ತಿ ನೋಡಿದರೆ ಊಟದ ಹೊತ್ತು ದಾಟಿ ಹೋಗಿತ್ತು, ಇಬ್ಬರಿಗೂ ಗೊತ್ತಾಗಿರಲಿಲ್ಲ.

ತರಲೆ, ನನ್ನ ಸೇವೆ ಇನ್ನು ಎರಡು ವರ್ಷ ಏಳು ತಿಂಗಳಿದೆ. ಬಹಳ ಕಡಿಮೆ ಉಳಿಯಿತಲ್ಲ ಎಂದು ಬೇಸರವಾಗುತ್ತಿದೆ.

ನಿನ್ನ ಮಾವ